ಅಕ್ಕನ ಸೋಮವಾರ, ತಮ್ಮನ ಮಂಗಳವಾರ

ಮನೆಯೊಳಗಿನಿಂದ ಹದಿಮೂರನೆಯ ಕೆಮ್ಮು ಕೇಳಿದ್ದೇ ಸಿನಿವಾಳ ಕೈಯಲ್ಲಿದ್ದ ಕೆಸುವಿನೆಲೆ ಹರಿಯಿತು. ಅದರೊಳಗೆ ಸುರಿದಿದ್ದ ತೆಂಗಿನಹಾಲು ಮೊಣಕೈವರೆಗೆ ಇಳಿಯಿತು.

"ಮೂರನೇ ಎಲೆ ಅದು," ಎಂದ ಫೆಲೇತಿ ಮಾವ, ಹೊಂಡದ ಒಲೆಯಲ್ಲಿ ಕಾದ ಕಲ್ಲುಗಳನ್ನು ಉದ್ದನೆಯ ಕೋಲಿನಿಂದ ಹರಡುತ್ತಾ. "ನರ್ಸಮ್ಮನ ಕೈಗೆ ಸೂಜಿ ಆಗಿಬರುತ್ತೆ, ಎಲೆ ಆಗಿಬರಲ್ಲ. ಹೋಗಿ ಆ ಹಂದಿ ಪಕ್ಕ ಕೂತ್ಕೋ ಮಗಳೇ. ಅದು ಸತ್ತಿದೆ, ನಿನ್ನ ಕೆಲಸ ನೋಡಿ ನಗಲ್ಲ."

"ಕೇಳಿಸ್ತಾ ಮಾವ?"

"ಏನು?"

"ಕೆಮ್ಮು. ಇದು ಬೇರೆ ಯಾರದ್ದೋ. ಒಣಕೆಮ್ಮು."

"ಸತ್ತ ಮನೇಲಿ ಜನ ಅಳು ಎಣಿಸ್ತಾರೆ. ನೀನು ಕೆಮ್ಮು ಎಣಿಸ್ತಾ ಕೂತಿದೀಯಲ್ಲೇ."

ಫೆಲೇತಿ ಸಿನಿವಾಳ ತಾಯಿಯ ತಮ್ಮ. ಮಾವ ಸೊಸೆ ಇಬ್ಬರೂ ಸೊಂಟದಿಂದ ಕಿವಿಯವರೆಗೆ ಹಳೇ ಚಾಪೆ ಸುತ್ತಿಕೊಂಡಿದ್ದರು. ಸತ್ತವನ ಮಕ್ಕಳು, ಹೆಂಡತಿಯ ಕಡೆಯವರು ಅವತ್ತಿನ ಮಟ್ಟಿಗೆ ಎಲ್ಲರಿಗಿಂತ ಕೆಳಗಿನವರು. ಮನೆಯಲ್ಲಿರುವುದರಲ್ಲೇ ಅತಿ ಹರಕು ಚಾಪೆ ಅವರ ಪಾಲಿಗೆ, ಹಿತ್ತಲಿನ ಹೊಗೆ ಅವರ ಪಾಲಿಗೆ. ಹೆಣವಿರುವ ಕೋಣೆಗೆ ಅವರು ಕಾಲಿಡುವಂತಿಲ್ಲ. ಆರು ವರ್ಷದ ಹಿಂದೆ ತೀರಿಕೊಂಡಿರದಿದ್ದರೆ ಸಿನಿವಾಳ ಅಮ್ಮನೂ ಇವತ್ತು ಹರಕು ಚಾಪೆಯಲ್ಲೇ ಇರುತ್ತಿದ್ದಳು. ಇಲಿ ಕಡಿದ ಚಾಪೆಯ ಅಂಚು ಬೆಳಿಗ್ಗೆಯಿಂದ ಸಿನಿವಾಳ ದವಡೆಯನ್ನು ಕೆರೆಯುತ್ತಲೇ ಇತ್ತು.

ಹಿತ್ತಲಿನಿಂದ ನೋಡಿದರೆ ಪಕ್ಕದ ಗೋಡೆಯಲ್ಲಿ ಗಾಜಿನ ಪಟ್ಟಿಗಳ ಕಿಟಕಿ ಕಾಣುತ್ತಿತ್ತು. ಅದರ ಸಂದಿಯಲ್ಲಿ ಒಂದು ಕಪ್ಪು ಬಟ್ಟೆಯ ಭುಜ. ಅದು ವೀಕಾ ಅತ್ತೆಯದು. ಸಿನಿವಾಳ ಅಪ್ಪ, ಸತ್ತ ಕೆಲೆಪಿಯ ಒಡಹುಟ್ಟಿದ ಅಕ್ಕ. ಗಂಡಸು ಸತ್ತರೆ ಅವನ ತಲೆಯ ಹತ್ತಿರ ಕೂರುವವಳು ಅಕ್ಕ. ಆ ದಿನ ಅವಳಿಗಿಂತ ಮೇಲಿನವರು ಊರಲ್ಲಿ ಯಾರೂ ಇಲ್ಲ, ಪಾದ್ರಿಯೂ ಅಲ್ಲ. ಬಂದವರೆಲ್ಲ ಬಾಗಿ ಕೆಲೆಪಿಯ ಹಣೆಗೆ ಮುತ್ತಿಡುತ್ತಿದ್ದರು. ಆಮೇಲೆ ವೀಕಾ ಅತ್ತೆಯ ಕೆನ್ನೆಗೆ ಕೆನ್ನೆ ಒತ್ತಿ, ಉಸಿರು ಒಳಗೆಳೆದುಕೊಂಡು ಅಳುತ್ತಿದ್ದರು. ಬೆಳಕು ಹರಿದಾಗಿನಿಂದ ನೂರರ ಮೇಲೆ ಕೆನ್ನೆಗಳು ಒತ್ತಿಹೋಗಿದ್ದವು. ಈ ತೆಂಕಣ ಸಮುದ್ರದ ದ್ವೀಪಗಳಲ್ಲಿ ಜುಲೈ ಎಂದರೆ ಚಳಿಗಾಲ. ಅರ್ಧ ಊರಿಗೆ ಜ್ವರ.

ವೀಕಾ ಅತ್ತೆಯ ಹೃದಯವೂ ಕೆಲೆಪಿಯ ಹೃದಯದ ಹಾಗೆಯೇ. ಚಿಕ್ಕಂದಿನಲ್ಲಿ ಒಂದೇ ಮನೆಯಲ್ಲಿ, ಒಂದೇ ತಿಂಗಳಲ್ಲಿ ಇಬ್ಬರಿಗೂ ಗಂಟಲು ಬಾತು, ಕೀಲು ನೋವಿನ ಜ್ವರ ಬಂದಿತ್ತು. ಜ್ವರ ಹೋಯಿತು, ಆದರೆ ಹೋಗುವಾಗ ಹೃದಯದೊಳಗಿನ ಪುಟ್ಟ ಬಾಗಿಲು ಸರಿಯಾಗಿ ಮುಚ್ಚದ ಹಾಗೆ ಮಾಡಿಟ್ಟು ಹೋಯಿತು. ಅಂಥ ಹೃದಯ ದಿನಾ ಹೇಗೋ ಏಗುತ್ತದೆ. ಅದರ ಮೇಲೆ ಫ್ಲೂ ಬಂದು ಕೂತರೆ ಏಗಲಾರದು. ಕೆಲೆಪಿಗೆ ನಾಲ್ಕು ದಿನ ಜ್ವರ ಇತ್ತು. ಐದನೆಯ ದಿನ ಕಾಲು ಊದಿಕೊಂಡಿತು. ಆರನೆಯ ದಿನ ಮಲಗಲಾರದೆ ಕೂತೇ ಇದ್ದ. ಏಳನೆಯ ದಿನ ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ, ಕೂತಲ್ಲೇ ಹೋದ. ಅವನಿಗೆ ಅರವತ್ತೊಂದು.

"ಅತ್ತೆ ಫ್ಲೂ ಇಂಜೆಕ್ಷನ್ ಹಾಕಿಸ್ಕೊಂಡಿದಾರೆ," ಎಂದು ಸಿನಿವಾ ತನಗೆ ತಾನೇ ಹೇಳಿಕೊಂಡಳು. ಬೆಳಿಗ್ಗೆಯಿಂದ ಹೇಳಿಕೊಳ್ಳುತ್ತಲೇ ಇದ್ದಳು. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತಿತ್ತು. ಈ ಸಲ ಅದು ಬಾಯಿಗೇ ಬಂತು. "ಅಪ್ಪನೂ ಹಾಕಿಸ್ಕೊಂಡಿದ್ರಲ್ಲ ಮಾವ. ಆದ್ರೂ ಇದೇ ಜ್ವರಕ್ಕೆ ಹೋದ್ರು. ಅತ್ತೆಗೂ ಹಾಗೇ ಆದ್ರೆ?"

ಫೆಲೇತಿಯ ಕೋಲು ನಿಂತಿತು.

"ಭಾವ ಹಾಕಿಸ್ಕೊಂಡ್ರು ಅಂತ ಯಾರು ಹೇಳಿದ್ದು ನಿಂಗೆ?"

"ಪಟ್ಟೀಲಿದೆ."

"ಪಟ್ಟೀಲಿ ಇರಬಹುದು. ತೋಳಲ್ಲಿ ಇರ್ಲಿಲ್ಲ."

ಸಿನಿವಾ ಎದ್ದು ನಿಂತಳು. ಚಾಪೆ ಜಾರಿತು, ಎಳೆದು ಕಟ್ಟಿಕೊಂಡಳು.

"ಇಂಜೆಕ್ಷನ್ ಹಾಕಿದ ದಿನ ನಾನು ಊರಿನ ಹಾಲ್ ಎದುರಿಗೇ, ಮರದ ಕೆಳಗೆ ದೋಣಿ ಮೋಟಾರು ಬಿಚ್ಚಿಟ್ಕೊಂಡು ಕೂತಿದ್ದೆ," ಎಂದ ಫೆಲೇತಿ. "ಭಾವ ಒಳಗೆ ಹೋದ್ರು. ಬಾಗಿಲಲ್ಲೇ ಹೆಸರು ಹೇಳಿದ್ರು. ಕಣಜ ಕಚ್ಚಿದೋರ ಥರ ವಾಪಸ್ ಬಂದ್ರು. ಏನಾಯ್ತು ಭಾವ ಅಂದೆ. 'ಅಕ್ಕ ಒಳಗಿದಾಳೆ' ಅಂದ್ರು. ಬಂದು ನನ್ನ ಪಕ್ಕ ಕೂತು ಸ್ಪ್ಯಾನರ್ ಹಿಡ್ಕೊಂಡ್ರು. ಎಲ್ಲಿ ಯಾವ ಬೋಲ್ಟು ಅಂತಾನೂ ಗೊತ್ತಿಲ್ಲ ಅವರಿಗೆ, ಸುಮ್ನೆ ಹಿಡ್ಕೊಂಡಿದ್ರು."

'ಅಕ್ಕ ಒಳಗಿದಾಳೆ.' ಅದಕ್ಕೆ ವಿವರಣೆ ಬೇಕಿರಲಿಲ್ಲ. ಈ ದ್ವೀಪಗಳಲ್ಲಿ ಬೆಳೆದ ಅಕ್ಕ ತಮ್ಮ ಮುಖಕ್ಕೆ ಮುಖ ಕೊಟ್ಟು ನೋಡುವಂತಿಲ್ಲ, ನೇರ ಮಾತಾಡುವಂತಿಲ್ಲ. ಅಕ್ಕ ತೋಳಿನ ಬಟ್ಟೆ ಸರಿಸಿ ಕೂತ ಸೂರಿನ ಕೆಳಗೆ ತಮ್ಮನಾದವನು ನಿಲ್ಲುವುದಿಲ್ಲ. ನಿಂತರೆ ಅವನು ತಮ್ಮನಲ್ಲ.

"ನನಗ್ಯಾಕೆ ಹೇಳ್ಲಿಲ್ಲ ಮಾವ ನೀವು?"

"ಮನೇಲೇ ನರ್ಸ್ ಇದಾಳೆ, ಊಟ ಆದ್ಮೇಲೆ ಒಂದು ಚುಚ್ಚಿ ಮಲಗಿಸ್ತಾಳೆ ಅಂದ್ಕೊಂಡೆ." ಫೆಲೇತಿ ಕಲ್ಲುಗಳನ್ನೇ ನೋಡುತ್ತಿದ್ದ. "ನಿಂಗೆ ಗೊತ್ತಿದೆ ಅಂದ್ಕೊಂಡೆ ಮಗಳೇ."

*

ಪಟ್ಟಿ ಬರೆದವಳು ಸಿನಿವಾಳೇ.

ಏಪ್ರಿಲ್‌ನಲ್ಲಿ ದೊಡ್ಡ ದ್ವೀಪದಿಂದ ಫ್ಲೂ ಲಸಿಕೆ ತಂಡದ ದೋಣಿ ಬರುವುದಿತ್ತು. ಹೃದಯದ ಕಾಯಿಲೆ ಇರುವವರಿಗೆ ಮೊದಲು ಎಂದು ಹೇಳಿಕಳಿಸಿದ್ದರು. ಊರಲ್ಲಿ ಅಂಥವರು ಹದಿನೇಳು ಜನ. ಸಿನಿವಾ ಒಂದು ರಾತ್ರಿ ಕೂತು ಹದಿನೇಳು ಹೆಸರೂ ಬರೆದಳು. ಒಂದೇ ಮನೆತನದವರು ಒಟ್ಟಿಗೆ ಬಂದರೆ ಹುಡುಕುವ ಕೆಲಸ ತಪ್ಪುತ್ತದೆ ಎಂದು ಮನೆತನದ ಪ್ರಕಾರ ಬರೆದಳು. ನಾಲ್ಕನೆಯದು ವೀಕಾ. ಐದನೆಯದು ಕೆಲೆಪಿ. ಬರೆದು ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟಳು.

ಹೆಂಗಸರು ಬೆಳಿಗ್ಗೆ, ಗಂಡಸರು ಮಧ್ಯಾಹ್ನ ಎಂದು ಬಾಯಲ್ಲಿ ಹೇಳಿದ್ದಳು, ಕಾಗದದಲ್ಲಿ ಬರೆದಿರಲಿಲ್ಲ. ಆ ದಿನ ಬೆಳಗಿನ ಜಾವ ಪಕ್ಕದ ದ್ವೀಪದಲ್ಲಿ ಒಂದು ಹೆರಿಗೆ ಕಷ್ಟವಾಗಿ, ಸಿನಿವಾಳನ್ನು ಕರೆದೊಯ್ದರು. ಮಧ್ಯಾಹ್ನ ನೀರು ಇಳಿದರೆ ದೋಣಿ ಹೊರಡುವುದಿಲ್ಲ ಎಂದು ತಂಡದವರು ಗಂಡಸು ಹೆಂಗಸು ಎಲ್ಲರನ್ನೂ ಬೆಳಿಗ್ಗೆಯೇ ಒಂದೇ ಹಾಲ್‌ಗೆ ಕರೆದುಬಿಟ್ಟರು. ಬಾಗಿಲಲ್ಲಿ ಕೂತ ಮಾತಿಯು ಎಂಬ ಸಹಾಯಕ ಬಂದವರು ಬಂದ ಹಾಗೆ ಹೆಸರಿನ ಮುಂದೆ ಗುರುತು ಹಾಕಿದ. ಹಾಕಿಸಿಕೊಂಡು ಹೋಗುವಾಗ ಹಾಕಬೇಕಿತ್ತು, ಬರುವಾಗ ಹಾಕಿದ. ತಪ್ಪು ಅಷ್ಟೇ.

"ಎರಡು ಜಾಸ್ತಿ ಉಳಿದಿವೆ ಸಿಸ್ಟರ್," ಎಂದಿದ್ದ ಮಾತಿಯು, ಮಾರನೆಯ ದಿನ ದವಾಖಾನೆಯ ಫ್ರಿಡ್ಜ್ ತೆರೆದು.

"ಎಲ್ಲರೂ ಬಂದ್ರಾ?"

"ಹದಿನೇಳಕ್ಕೆ ಹದಿನೇಳು. ನೋಡಿ, ಗುರುತು."

"ಹಂಗಾದ್ರೆ ಎರಡು ಹೆಚ್ಚಿಗೆ ತಂದಿರ್ತಾರೆ. ಇರ್ಲಿ."

ಮನೆಗೆ ಬಂದು ಅಪ್ಪನನ್ನೂ ಕೇಳಿದ್ದಳು. ಕೆಲೆಪಿ ಹಿತ್ತಲಲ್ಲಿ ಆಕ್ಟೋಪಸ್ಸನ್ನು ಹಗ್ಗಕ್ಕೆ ಒಣಹಾಕುತ್ತಿದ್ದ. "ಹೋಗಿ ಬಂದೆ," ಎಂದ. ಸುಳ್ಳು ಹೇಳಲಿಲ್ಲ. ಹೋಗಿದ್ದ, ಬಂದಿದ್ದ. ನಡುವೆ ಏನಾಯಿತು ಎಂದು ಹೇಳಬೇಕಾದರೆ ಅಕ್ಕನ ತೋಳಿನ ಮಾತು ಮಗಳ ಮುಂದೆ ಎತ್ತಬೇಕಿತ್ತು. ಅದು ಅವನಿಂದಾಗದ ಕೆಲಸ.

*

ಎರಡು.

ಸಿನಿವಾ ಫ್ರಿಡ್ಜ್‌ನ ತಟ್ಟೆಯನ್ನು ನೆನೆಸಿಕೊಂಡಳು. ಉಳಿದದ್ದು ಒಂದಲ್ಲ, ಎರಡು. ಒಂದು ಅಪ್ಪನದು. ಇನ್ನೊಂದು?

ಅವಳು ಚಾಪೆ ಎತ್ತಿ ಹಿಡಿದು ಅಡುಗೆಮನೆಯ ಮೂಲೆಗೆ ಓಡಿದಳು. ಅತ್ತೆಯ ಮಗಳು ಸುಲಿಯಾ ಅಲ್ಲಿ ಬಂದವರು ಉಡುಗೊರೆ ತಂದ ಚಾಪೆಗಳನ್ನು ಎಣಿಸಿ ಅಟ್ಟಿ ಹಾಕಿಸುತ್ತಿದ್ದಳು. ಸುಲಿಯಾ ಅಕ್ಕನ ಕಡೆಯವಳು, ಅಂದರೆ ಮೇಲಿನ ಪಂಗಡದವಳು, ತೆಳ್ಳನೆಯ ಒಳ್ಳೇ ಚಾಪೆ ಉಟ್ಟಿದ್ದಳು, ಎಲ್ಲಿ ಬೇಕಾದರೂ ಓಡಾಡಬಹುದಿತ್ತು.

"ಸುಲಿಯಾ, ಏಪ್ರಿಲ್‌ನಲ್ಲಿ ಅತ್ತೆ ಇಂಜೆಕ್ಷನ್ ಹಾಕಿಸ್ಕೊಂಡ್ರಾ?"

"ಈಗ ಕೇಳೋ ಮಾತಾ ಇದು? ಅಲ್ಲಿ ಪಾದ್ರಿ ಮನೆಯೋರು ಒಂದು ಚಾಪೆ ಕಮ್ಮಿ ತಂದು ನಾಲ್ಕು ಅಂತಿದಾರೆ..."

"ಸುಲಿಯಾ!"

ಸುಲಿಯಾ ಅವಳ ಮುಖ ನೋಡಿ ಗಾಬರಿಯಾದಳು. "ಹೋಗಿದ್ವಿ ಕಣೇ. ನಾನೇ ಕರ್ಕೊಂಡು ಹೋಗಿದ್ದೆ. ಅಮ್ಮ ಕೂತು, ತೋಳು ಮೇಲೆ ಮಾಡಿದ್ಲು. ಅಷ್ಟರಲ್ಲಿ ಬಾಗಿಲಲ್ಲಿ ಕೆಲೆಪಿ ಮಾವನ ದನಿ ಕೇಳಿಸ್ತು, ಹೆಸರು ಹೇಳ್ತಿದ್ರು. ಅಮ್ಮ ತೋಳು ಇಳಿಸ್ಕೊಂಡು ಹಿಂಬಾಗಿಲಿಂದ ಹೊರಟೇಬಿಟ್ಲು. 'ಅವನು ಒಳಗೆ ಬರಬೇಕು, ನಾನಿದ್ರೆ ಬರಲ್ಲ. ಅವನದು ಆಗ್ಲಿ, ನಂದು ಯಾವಾಗಾದ್ರೂ ಆಗುತ್ತೆ' ಅಂದ್ಲು. ಆಮೇಲೆ ಮರೆತೇ ಹೋಯ್ತು." ಸುಲಿಯಾ ನಿಲ್ಲಿಸಿದಳು. "ಯಾಕೆ?"

ತಮ್ಮ ಮುಂಬಾಗಿಲಿನಿಂದ ಅಕ್ಕನಿಗಾಗಿ ವಾಪಸ್ ಹೋದ. ಅಕ್ಕ ಹಿಂಬಾಗಿಲಿನಿಂದ ತಮ್ಮನಿಗಾಗಿ ಎದ್ದು ಬಂದಳು. ನಡುವೆ ಖಾಲಿ ಕುರ್ಚಿ ಒಂದು, ಐಸ್ ಡಬ್ಬಿಯಲ್ಲಿ ಎರಡು ಸೂಜಿ.

ಅಷ್ಟರಲ್ಲಿ ದಂಡೆಯ ಕಡೆಯಿಂದ ವಾದ್ಯದ ಸದ್ದು ಕೇಳಿತು. ದೋಣಿ ಬಂದಿತ್ತು. ಬಡಗಣ ದ್ವೀಪದ ಚರ್ಚಿನ ಸಭೆಯವರು, ನಲವತ್ತು ಜನ, ಕೆಲೆಪಿ ಹಾಡುತ್ತಿದ್ದ ಗಾಯಕತಂಡದ ಗೆಳೆಯರು. ಈ ಸಲ ಜ್ವರ ಮೊದಲು ಶುರುವಾದದ್ದೇ ಬಡಗಣ ದ್ವೀಪದಲ್ಲಿ. ಅಲ್ಲಿನ ಶಾಲೆ ಎರಡು ವಾರ ಮುಚ್ಚಿತ್ತು.

ನಲವತ್ತು ಕೆನ್ನೆ, ಎಂದುಕೊಂಡಳು ಸಿನಿವಾ.

*

ಸಿನಿವಾ ಹುಟ್ಟುವುದಕ್ಕೂ ಮುಂಚೆ ಊರಿಗೊಬ್ಬ ಹಳೇ ನರ್ಸಮ್ಮ ಬರುತ್ತಿದ್ದಳಂತೆ. ಹಾಳಾದ ಹೃದಯ ಇನ್ನಷ್ಟು ಹಾಳಾಗದಿರಲಿ ಎಂದು ತಿಂಗಳಿಗೊಮ್ಮೆ ಸೊಂಟಕ್ಕೆ ಚುಚ್ಚುವ ಔಷಧಿ. ಕೈಗೆ ಚುಚ್ಚಿದರೇ ನಾಚುವ ಜನ, ಸೊಂಟಕ್ಕೆ ಎಂದರೆ ಕೇಳಬೇಕೇ. ನರ್ಸಮ್ಮ ಸೋಮವಾರ ದೋಣಿ ಏರಿ ಬಂದು ವೀಕಾಳಿಗೆ ಚುಚ್ಚುತ್ತಿದ್ದಳು. ಮಂಗಳವಾರ ಮತ್ತೆ ದೋಣಿ ಏರಿ ಬಂದು ಕೆಲೆಪಿಗೆ ಚುಚ್ಚುತ್ತಿದ್ದಳು. ಇಬ್ಬರ ಮನೆಗೂ ನಡುವೆ ಎಂಟು ತೆಂಗಿನಮರದಷ್ಟು ದೂರ. ಒಮ್ಮೆಯೂ ಅವಳು ಅದನ್ನೊಂದು ತೊಂದರೆ ಎಂದುಕೊಳ್ಳಲಿಲ್ಲ.

"ನಮ್ಮ ಸೊಂಟಕ್ಕೂ ಕ್ಯಾಲೆಂಡರ್ ಇತ್ತು," ಎಂದು ಕೆಲೆಪಿ ನಗುತ್ತಿದ್ದ. "ಅಕ್ಕನ ಸೋಮವಾರ, ನನ್ನ ಮಂಗಳವಾರ. ಬುಧವಾರ ಇಬ್ಬರೂ ಕುಂಟೋದು."

ಕೆಲೆಪಿಗೆ ದೊಡ್ಡ ಬದುಕೇನೂ ಇರಲಿಲ್ಲ. ಮೂರು ಪಟ್ಟೆ ಗೆಣಸಿನ ತೋಟ. ಸಮುದ್ರ ಇಳಿದಾಗ ಬಂಡೆಗಳ ನಡುವೆ ಆಕ್ಟೋಪಸ್ ಹಿಡಿಯುವುದು. ಭಾನುವಾರ ಚರ್ಚಿನಲ್ಲಿ ಕೆಳದನಿಯಲ್ಲಿ ಹಾಡುವುದು. ಏದುಸಿರು ಬಂದರೆ ದಾರಿಯಲ್ಲೇ ಕೂತು, ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ನಟಿಸುವುದು. ವರ್ಷಕ್ಕೊಮ್ಮೆ ಮಾತ್ರ ಅವನು ರಾಜನ ಹಾಗೆ ನಡೆಯುತ್ತಿದ್ದ. ಅದು ಗೆಣಸಿನ ಮೊದಲ ರಾಶಿಯನ್ನು ಅಕ್ಕನಿಗೆ ಒಪ್ಪಿಸುವ ದಿನ. ತಿರುವಿನಲ್ಲೇ ಶಿಳ್ಳೆ ಹಾಕುತ್ತಾ ಬರುತ್ತಿದ್ದ, ಅಕ್ಕ ಹೇಗಿದ್ದಾಳೋ ಹಾಗೆ ಕಣ್ಣಿಗೆ ಬೀಳದಿರಲಿ ಎಂದು. ಬೇಲಿಯ ಆಚೆ ನಿಂತು, ಪುಟ್ಟ ಸಿನಿವಾಳಿಗೆ ಹೇಳುತ್ತಿದ್ದ:

"ಅತ್ತೆಗೆ ಹೇಳು, ಗೆಣಸು ಬಂದಿದೆ ಅಂತ."

ಹತ್ತು ಮಾರು ದೂರದಲ್ಲಿ ನಿಂತ ವೀಕಾ ಎಲ್ಲ ಕೇಳಿಸಿಕೊಂಡಿರುತ್ತಿದ್ದಳು. ಆದರೂ ಸಿನಿವಾ ಓಡಿಹೋಗಿ ಹೇಳಬೇಕಿತ್ತು.

"ನಿಮ್ಮಪ್ಪಂಗೆ ಹೇಳು, ಈ ಸಲ ಸಣ್ಣದಾಗಿವೆ ಅಂತ," ಎನ್ನುತ್ತಿದ್ದಳು ವೀಕಾ, ಕೇಳಿಸುವಷ್ಟು ಜೋರಾಗಿ.

ಬೇಲಿಯ ಆಚೆ ಕೆಲೆಪಿ ಬೆನ್ನು ತಿರುಗಿಸಿ ನಿಂತು ನಗುತ್ತಿದ್ದ. ಅವನ ಭುಜ ಕುಲುಕುವುದು ಮಾತ್ರ ಕಾಣುತ್ತಿತ್ತು.

ಸಿನಿವಾ ನಾಲ್ಕು ವರ್ಷ ರಾಜಧಾನಿಯಲ್ಲಿ ನರ್ಸಿಂಗ್ ಓದಿ ಬಂದಿದ್ದಳು. ಯಾವ ಔಷಧಿ ಎಷ್ಟು ತಣ್ಣಗಿರಬೇಕು ಎಂಬುದು ಬಾಯಿಪಾಠ ಇತ್ತು. ಸೋಮವಾರ ಮಂಗಳವಾರ ಮರೆತುಹೋಗಿತ್ತು.

*

"ಮಾಸ್ಕ್ ಕೊಡು ಅತ್ತೆಗೆ. ಇಲ್ಲಾಂದ್ರೆ ಎಬ್ಬಿಸ್ಕೊಂಡು ಬಾ. ಏನಾದ್ರೂ ಮಾಡು," ಎಂದು ಸಿನಿವಾ ಸುಲಿಯಾಳನ್ನು ಒಳಗೆ ನೂಕಿದಳು.

ಎರಡೇ ನಿಮಿಷಕ್ಕೆ ಸುಲಿಯಾ ವಾಪಸ್. ಮಾಸ್ಕ್ ಅವಳ ಕೈಯಲ್ಲೇ ಮುದುಡಿತ್ತು.

"'ಐವತ್ತು ವರ್ಷ ಅವನು ನನ್ನ ಮುಖ ನೆಟ್ಟಗೆ ನೋಡಿಲ್ಲ. ಇವತ್ತೂ ಮುಚ್ಕೊಂಡು ಕೂರ್ಲಾ?' ಅಂದ್ಲು. ಎದ್ದು ಬರೋಕಂತೂ ಸಾಧ್ಯವೇ ಇಲ್ಲ. ತಲೆ ಹತ್ರ ಕೂತೋಳು ಎದ್ರೆ ಊರು ಏನನ್ನುತ್ತೆ?"

"ಊರು ಅನ್ನೋದನ್ನ ಕೇಳೋಕೆ ಅತ್ತೆ ಬದುಕಿರಬೇಕಲ್ವಾ!"

"ಕೂಗ್ಬೇಡ. ನೀನು ಚಾಪೆಯವಳು ಇವತ್ತು, ನೆನಪಿರ್ಲಿ."

ವಾದ್ಯ ಚರ್ಚಿನ ಹತ್ತಿರ ಬಂದಿತ್ತು. ಇನ್ನು ಕಾಲು ಗಂಟೆ. ಸಿನಿವಾ ದವಾಖಾನೆಗೆ ಓಡಿದಳು. ಎರಡು ಮನೆ ಆಚೆಗಷ್ಟೇ, ಆದರೆ ಅಷ್ಟಗಲ ಚಾಪೆಯಲ್ಲಿ ಓಡುವುದೆಂದರೆ ಬಾಗಿಲನ್ನು ಹೊತ್ತು ಓಡಿದ ಹಾಗೆ. ಬಿಚ್ಚುವಂತಿಲ್ಲ. ಎರಡು ಸಲ ಮುಗ್ಗರಿಸಿದಳು. ನಾಯಿಗಳು ಬೊಗಳಿದವು.

ಫ್ರಿಡ್ಜ್‌ನಲ್ಲಿ ಮೇಲಿನ ತಟ್ಟೆಯಲ್ಲಿ ಎರಡೂ ಅಕ್ಕಪಕ್ಕ ಮಲಗಿದ್ದವು, ಒಂದೇ ಅಳತೆ, ಒಂದೇ ಹಣೆಪಟ್ಟಿ. ತಾರೀಕು ನೋಡಿದಳು, ಇನ್ನೂ ಅವಧಿ ಇತ್ತು. ಒಂದನ್ನು ತೆಗೆದುಕೊಂಡಳು. ಇನ್ನೊಂದು ಸ್ವಲ್ಪ ಉರುಳಿ, ಖಾಲಿಯಾದ ಜಾಗಕ್ಕೆ ಬಂದು ನಿಂತಿತು. ಅವಳು ಬಾಗಿಲು ಮುಚ್ಚಿ, ಅದಕ್ಕೆ ಹಣೆಯೊತ್ತಿ, ಒಂದು ಉಸಿರು ಎಳೆದುಕೊಂಡಳು. ಒಂದೇ.

ಇದನ್ನು ಈಗ ಹಾಕಿದರೂ ಮೈಗೆ ಹತ್ತಲು ಎರಡು ವಾರ ಬೇಕು. ಅದು ಅವಳಿಗೆ ಗೊತ್ತಿತ್ತು. ಇವತ್ತಿನ ನಲವತ್ತು ಕೆನ್ನೆಗೆ ಇದು ಅಡ್ಡ ಬರುವುದಿಲ್ಲ. ಬೆಳಗಿನ ನೂರಕ್ಕಂತೂ ಇಲ್ಲವೇ ಇಲ್ಲ. ಆದರೆ ಜ್ವರದ ಕಾಲ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಹತ್ತು ದಿನದ ಸೂತಕದಲ್ಲಿ ಮನೆ ತುಂಬ ಜನ. ನಾಳೆ, ನಾಡಿದ್ದು ಎಂದು ಮುಂದೆ ಹಾಕುವುದು ಈ ಮನೆತನದವರಿಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದನ್ನು ಅವಳು ಈಗಷ್ಟೇ ನೋಡಿದ್ದಳು.

ವಾಪಸ್ ಬಂದವಳು ನೇರ ಕಿಟಕಿಯ ಕೆಳಗೆ ಹೋಗಿ ನಿಂತಳು. ಕೋಣೆಗೆ ಕಾಲಿಡುವಂತಿಲ್ಲ. ಗೋಡೆಯ ಹೊರಗೆ ನಿಲ್ಲಬಾರದು ಎಂದು ಯಾರೂ ಹೇಳಿರಲಿಲ್ಲ.

"ಅತ್ತೆ."

ಕಪ್ಪು ಭುಜ ಅಲುಗಲಿಲ್ಲ.

"ಅತ್ತೆ, ನಾನು ಸಿನಿವಾ."

"ಒಲೆ ಬಿಟ್ಟು ಯಾಕೆ ಬಂದೆ?" ದನಿ ಅತ್ತು ಅತ್ತು ಒಡೆದಿತ್ತು. ಅತ್ತುದಕ್ಕೇ ಇರಬೇಕು ಎಂದುಕೊಂಡಳು ಸಿನಿವಾ. ಅತ್ತುದಕ್ಕೇ ಇರಲಿ.

"ಏಪ್ರಿಲ್‌ನಲ್ಲಿ ನೀವು ಇಂಜೆಕ್ಷನ್ ಹಾಕಿಸ್ಕೊಳ್ಲಿಲ್ಲ."

"ಅವನು ಹಾಕಿಸ್ಕೊಂಡ್ನಲ್ಲ," ಎಂದಳು ವೀಕಾ. "ಅದಕ್ಕೇ ನಾನು ಎದ್ದು ಹೋಗಿದ್ದು. ಹಾಕಿಸ್ಕೊಂಡೂ ಹೋದ ನೋಡು. ಸುಡುಗಾಡು ಇಂಜೆಕ್ಷನ್ ನಿಮ್ಮದು."

ಇದನ್ನು ಹೇಳಬಹುದೇ? ಹೇಳಿದರೆ ಆ ಸರಿಯಿಲ್ಲದ ಹೃದಯ ಇಲ್ಲೇ, ಈಗಲೇ ನಿಂತುಬಿಟ್ಟರೆ? ಹೇಳದಿದ್ದರೆ ಅತ್ತೆ ತೋಳು ಕೊಡುವುದಿಲ್ಲ. ದಾರಿಯಲ್ಲಿ ನಲವತ್ತು ಜನರ ಹಾಡು ಹತ್ತಿರವಾಗುತ್ತಿತ್ತು. ಹಾಡಿನ ನಡುನಡುವೆ ಕೆಮ್ಮು.

"ಅಪ್ಪ ಹಾಕಿಸ್ಕೊಳ್ಲಿಲ್ಲ ಅತ್ತೆ."

ಅವಳು ಕಿಟಕಿಯ ಸಂದಿಗೆ ಬಾಯಿ ಹತ್ತಿರ ತಂದಳು.

"ನೀವು ಒಳಗಿದೀರ ಅಂತ ಬಾಗಿಲಿಂದಲೇ ತಿರುಗಿ ಹೋದ್ರಂತೆ. ನೀವು ಹಾಕಿಸ್ಕೊಳ್ಳಿ ಅಂತ. ನಂಗೂ ಈಗಷ್ಟೇ ಗೊತ್ತಾಯ್ತು. ಇಬ್ಬರದ್ದೂ ಉಳಿದುಬಿಟ್ಟಿದೆ. ಪಟ್ಟಿ ಬರೆದೋಳು ನಾನು. ಒಂದೇ ದಿನ ಇಬ್ಬರನ್ನೂ ಬರೆದೋಳು ನಾನು."

ಭುಜ ಮುಂದಕ್ಕೆ ಬಾಗಿತು. ಬಾಗುತ್ತಲೇ ಹೋಯಿತು. ಸಿನಿವಾ ಕಿಟಕಿಯ ಚೌಕಟ್ಟು ಹಿಡಿದು ತುದಿಗಾಲಲ್ಲಿ ನಿಂತಳು. ಒಳಗೆ ಹೆಂಗಸರು "ವೀಕಾ, ವೀಕಾ" ಎಂದು ಹತ್ತಿರ ಸರಿದರು. ಮುಂಬಾಗಿಲಿನಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿತು. ನಲವತ್ತು ಜೊತೆ.

"ದಡ್ಡ," ಎಂದಿತು ಒಡೆದ ದನಿ, ಬಹಳ ಮೆಲ್ಲಗೆ. ಯಾರಿಗೆ ಹೇಳಿದ್ದೆಂದು ಎಲ್ಲರಿಗೂ ತಿಳಿಯಿತು. ಅಕ್ಕ ತಮ್ಮನನ್ನು ನೇರವಾಗಿ ಕರೆದು ಮಾತಾಡಿದ್ದನ್ನು ಆ ಕೋಣೆಯಲ್ಲಿ ಯಾರೂ ಅದಕ್ಕೆ ಮುಂಚೆ ಕೇಳಿರಲಿಲ್ಲ. "ದಡ್ಡ ಮುಂಡೇದು. ಕೆಮ್ಮಿದ್ರೆ ಸಾಕಿತ್ತಲ್ಲೋ, ನಾನೇ ಎದ್ದು ಹೋಗ್ತಿದ್ದೆ."

ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದಳು: "ತಂದಿದೀಯ?"

"ತಂದಿದೀನಿ."

"ಇಲ್ಲೇ ಹಾಕು. ನಾನು ಏಳಲ್ಲ. ನೀನು ಬರೋ ಹಾಗಿಲ್ಲ."

ಫೆಲೇತಿ ಮಾವ ಯಾವಾಗ ಬಂದಿದ್ದನೋ, ಹಿಂದೆ ನಿಂತಿದ್ದ. ಕೈಯೆತ್ತಿ ಕಿಟಕಿಯ ಕೆಳಗಿನ ಎರಡು ಗಾಜಿನ ಪಟ್ಟಿಗಳನ್ನು ಜಾರಿಸಿ ತೆಗೆದ. ಅಲ್ಲೊಂದು ಗೇಣು ಜಾಗವಾಯಿತು.

ಆದರೆ ತೋಳು ಬರಲಿಲ್ಲ.

"ಅತ್ತೆ?"

"ಇವನ ಎದುರಿಗೆ ತೋಳು ತೆಗೀಲಾ?"

"ಅಮ್ಮಾ," ಸುಲಿಯಾಳ ದನಿ ಒಳಗಿನಿಂದ ಬಂತು. "ಮಾವ ಸತ್ತುಹೋಗಿದಾರೆ ಅಮ್ಮಾ. ಕಣ್ಣು ಮುಚ್ಚಿದೆ."

"ಸತ್ತ ಮಾತ್ರಕ್ಕೆ ತಮ್ಮ ಅಲ್ಲದೆ ಹೋಗ್ತಾನಾ?"

ಸಿನಿವಾಳ ಬೆರಳ ಸಂದಿಯಲ್ಲಿ ಸೂಜಿಯ ತಂಪು ಕರಗುತ್ತಿತ್ತು. ಬಾಗಿಲಲ್ಲಿ ನಿಂತ ನಲವತ್ತು ಜನರಲ್ಲಿ ಯಾರೋ ಕರ್ಚೀಫಿಗೆ ಬಾಯಿ ಒತ್ತಿ ಕೆಮ್ಮಿದರು.

ಆಗ ಸುಲಿಯಾ ಎದ್ದಳು. ಉಡುಗೊರೆ ಬಂದ, ಮರದ ತೊಗಟೆ ಬಡಿದು ಮಾಡಿದ ತೊಗಟೆಬಟ್ಟೆಯ ರಾಶಿಯಿಂದ ದೊಡ್ಡದೊಂದನ್ನು ಎಳೆದಳು. ಕಂದು ಗೆರೆಗಳ, ಎರಡಾಳಗಲದ ಬಟ್ಟೆ. ಒಂದು ತುದಿ ತಾನು ಹಿಡಿದಳು, ಇನ್ನೊಂದು ತುದಿಯನ್ನು ಪಾದ್ರಿಯ ಹೆಂಡತಿ ಹಿಡಿದಳು. ಎತ್ತಿ, ಕೆಲೆಪಿಗೂ ಅವನ ಅಕ್ಕನಿಗೂ ನಡುವೆ ಗೋಡೆಯ ಹಾಗೆ ನಿಲ್ಲಿಸಿದರು. ಅಷ್ಟೇ. ಎರಡು ಹೆಂಗಸರು, ಒಂದು ಬಟ್ಟೆ. ಏಪ್ರಿಲ್‌ನ ಹಾಲ್‌ನಲ್ಲಿ ಇದು ಯಾರ ತಲೆಗೂ ಹೊಳೆದಿರಲಿಲ್ಲ. ಹೊರಗೆ ನಿಂತ ಫೆಲೇತಿ ಮಾವ ಅದನ್ನು ನೋಡಿ, ಮುಖವನ್ನು ಚಾಪೆಯೊಳಗೆ ಎಳೆದುಕೊಂಡ.

"ಬಾಗಿಲಲ್ಲಿರೋರು ಅಲ್ಲೇ ನಿಲ್ಲಿ," ಎಂದಳು ವೀಕಾ ಬಟ್ಟೆಯ ಈಚೆಯಿಂದ. ಅವತ್ತು ಅವಳ ಮಾತಿಗೆ ಎದುರಿರಲಿಲ್ಲ. "ಬಂದ್ಮೇಲೆ ಮುತ್ತು ಅವನಿಗೆ. ನನ್ನ ಹತ್ರ ಯಾರೂ ಬರೋದು ಬೇಡ."

ಗಾಜಿಲ್ಲದ ಸಂದಿಯಿಂದ ತೋಳು ಹೊರಗೆ ಬಂತು. ಭುಜದವರೆಗೆ ಬಟ್ಟೆ ಸರಿಸಿತ್ತು. ಐವತ್ತು ವರ್ಷ ಬಿಸಿಲು ಕಾಣದ ಮೇಲ್ತೋಳು ಬೆಳ್ಳಗಿತ್ತು, ಮೊಣಕೈ ಕೆಳಗೆ ಕಪ್ಪು. ಸಿನಿವಾ ಹತ್ತಿಯಿಂದ ಒರೆಸಿದಳು. ಮೊಣಕೈಯನ್ನು ಗೋಡೆಗೆ ಒತ್ತಿದಳು. ಚುಚ್ಚಿದಳು.

"ಆಯ್ತಾ?"

"ಆಯ್ತು. ಹದಿನೈದು ನಿಮಿಷ ಏಳಬೇಡಿ ಅತ್ತೆ."

"ಹದಿನೈದು ನಿಮಿಷ ಅಂತೆ," ಎಂದಳು ವೀಕಾ. "ಹತ್ತು ದಿನ ಏಳಲ್ಲ ಕಣೇ ನಾನು."

ಒಳಗೆ ಯಾರೋ ಅಳುತ್ತಲೇ ನಕ್ಕರು.

ತೋಳು ಒಳಗೆ ಹೋಗಲಿಲ್ಲ. ಅಲ್ಲೇ, ಕಿಟಕಿಯ ಹೊರಗೆ, ಮಳೆ ಬಂತೇ ಎಂದು ನೋಡುವವರ ಹಾಗೆ ಅಂಗೈ ಮೇಲಾಗಿ ಚಾಚಿಕೊಂಡಿತ್ತು. ಸಿನಿವಾ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಎರಡು ಬಡಿತ, ಒಂದು ತಡವರಿಕೆ. ಮೂರು ಬಡಿತ, ತಡವರಿಕೆ. ಅದು ಹಳೆಯದು, ಅವಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇನ್ನೊಂದು, ಚರ್ಮದ ಬಿಸಿ. ಅವಳು ಬೆರಳು ತೆಗೆದು ತನ್ನ ಕೆನ್ನೆಗೆ ಒತ್ತಿಕೊಂಡಳು. ಮತ್ತೆ ಅತ್ತೆಯ ಮಣಿಕಟ್ಟಿಗೆ ಇಟ್ಟಳು. ಮತ್ತೆ ಕೆನ್ನೆಗೆ. ತಾನು ಒಲೆಯ ಹತ್ತಿರ ಇದ್ದವಳು, ತನ್ನ ಬೆರಳಿಗೇ ಏನಾದರೂ ಆಗಿರಬೇಕು.

ತೆಂಕಣ ಗಾಳಿ ಬೀಸಿತು. ಒಳಗೆ ತೊಗಟೆಬಟ್ಟೆ ಹಾಯಿಯ ಹಾಗೆ ಉಬ್ಬಿ, ಮತ್ತೆ ಇಳಿಯಿತು. ಚಾಚಿದ ಕೈಯ ರೋಮಗಳು ಚಳಿಗೆ ನಿಮಿರಿ ನಿಂತವು.

ಕೈ ಮಾತ್ರ ಬಿಸಿಯಾಗಿತ್ತು. ಬೆಳಿಗ್ಗೆಯಿಂದ ಬಿಸಿಲೇ ಬಿದ್ದಿರಲಿಲ್ಲ.